ಸೀಮೆಸುಣ್ಣದ ಡಬ್ಬಿಯಲ್ಲಿದ್ದ ಗಾಳ

ಶಾಲೆಯ ಹಳೆಯ ಬೀರು ಸ್ವಚ್ಛ ಮಾಡುವುದೆಂದರೆ ಯಾವ ಟೀಚರಿಗೂ ಇಷ್ಟವಿಲ್ಲದ ಕೆಲಸ. ಧೂಳು, ಗೆದ್ದಲು, ಯಾವುದೋ ಕಾಲದ ಹಾಜರಿ ಪುಸ್ತಕಗಳು, ಗಾಜು ಒಡೆದ ಗಾಂಧೀಜಿಯ ಪಟ. 2019ರ ಬೇಸಿಗೆ ರಜೆಯ ಮೊದಲ ವಾರದಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಕೆಳಗಿನ ಅರೆಯಲ್ಲಿ, ಹರಿದ ಭೂಪಟಗಳ ಹಿಂದೆ ಸೀಮೆಸುಣ್ಣದ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಸುಣ್ಣದ ಕಡ್ಡಿಗಳಿರಬಹುದೆಂದು ಕೈ ಹಾಕಿದೆ. ಏನೋ ಚುಚ್ಚಿ ಬೆರಳಲ್ಲಿ ರಕ್ತ ಬಂತು.

ಅದು ಗಾಳ. ಒಂದು ಗೇಣುದ್ದದ ಬಿದಿರಿನ ತುಂಡಿಗೆ ಅಚ್ಚುಕಟ್ಟಾಗಿ ಸುತ್ತಿದ ದಾರ, ದಾರದ ತುದಿಯಲ್ಲಿ ಸೀಸದ ಗುಂಡು, ಆಮೇಲೆ ತಂತಿಯಲ್ಲಿ ಮಾಡಿದ ಪುಟ್ಟ ತಿರುಗಣಿ, ಅದರಾಚೆ ಹಿಡಿಕೆ ಕತ್ತರಿಸಿ ತೂತು ಕೊರೆದ ಒಂದು ಹಿತ್ತಾಳೆ ಚಮಚ, ಚಮಚದ ಬಾಲಕ್ಕೆ ಗಾಳ. ನೋಡಿದ ಕೂಡಲೇ ಇಪ್ಪತ್ತೊಂದು ವರ್ಷ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ನಿಂತಿತು.

1998ರಲ್ಲಿ ನಾನಿನ್ನೂ ಹೊಸ ಟೀಚರು. ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆರನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಹೊಳೆಯ ದಂಡೆಯ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಆ ದಿನ ಅವನ ಚೀಲದಿಂದ ಈ ಗಾಳ ಹೊರಬಂದು ಪಕ್ಕದವನ ತೊಡೆಗೆ ಚುಚ್ಚಿಕೊಂಡಿತು. ಗಲಾಟೆಯಾಯಿತು. ನಾನು ಹೋಗಿ ಕಸಿದುಕೊಂಡೆ. "ಚಮಚ, ಗಾಳ, ಏನಿದೆಲ್ಲ? ಇದೇನು ಶಾಲೆಯೋ, ಸಂತೆಯೋ?" ಎಂದು ಗದರಿದೆ. ಹುಡುಗ ಎದ್ದು ನಿಂತು, ಬಹಳ ಗಂಭೀರವಾಗಿ, "ಅದು ಚಮಚ ಅಲ್ರೀ ಟೀಚರ್, ಮೀನು" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಗಾಳವನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟು, ನಿಮ್ಮಪ್ಪನನ್ನು ಕರೆದುಕೊಂಡು ಬಂದು ತೆಗೆದುಕೊಂಡು ಹೋಗು ಎಂದೆ. ಅಪ್ಪ ಬರಲಿಲ್ಲ. ಒಂದು ವಾರದ ಮೇಲೆ ಹುಡುಗನೂ ಬರುವುದು ನಿಂತಿತು. ಭತ್ತದ ಕೊಯ್ಲಿನ ಕಾಲ. ನಮ್ಮ ಸಿರುಗುಪ್ಪದಲ್ಲಿ ಆ ದಿನಗಳಲ್ಲಿ ಮಕ್ಕಳು ಶಾಲೆ ಬಿಡುವುದು ಹೊಸತೇನಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ನಾನು ಮರೆತೆ.

ಈಗ ಡಬ್ಬಿಯನ್ನು ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಗಾಳವೆಂಬುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ನೋಡುತ್ತಾ ನೋಡುತ್ತಾ ನನ್ನೊಳಗಿನ ಚರಿತ್ರೆಯ ಟೀಚರು ಎಚ್ಚರಾದಳು. ಈ ಒಂದು ಹಿಡಿ ಸಾಮಾನಿನಲ್ಲಿ ಎಷ್ಟು ಕಾಲಗಳು ಸುತ್ತಿಕೊಂಡಿವೆ!

ಮೊದಲು ಗಾಳವನ್ನೇ ತೆಗೆದುಕೊಳ್ಳಿ. ಹರಪ್ಪ, ಮೊಹೆಂಜೊದಾರೋ ಊರುಗಳ ಪಾಠ ಮಾಡುವಾಗ ನಾವು ದೊಡ್ಡ ಸ್ನಾನದ ಕೊಳ, ಚರಂಡಿ, ಕುಣಿಯುವ ಹುಡುಗಿಯ ಬೊಂಬೆ ಎಂದು ಹೇಳಿ ಮುಂದೆ ಹೋಗುತ್ತೇವೆ. ಅಲ್ಲಿನ ಅಗೆತದಲ್ಲಿ ತಾಮ್ರದ ಗಾಳಗಳೂ ಸಿಕ್ಕಿವೆ. ಮೊನೆಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಅವುಗಳಿಗೂ ಉಂಟು. ಒಳಗೆ ಹೋಗಲು ಬಿಡುವ, ಹೊರಗೆ ಬರಲು ಬಿಡದ ಆ ಮುಳ್ಳಿನಲ್ಲೇ ಗಾಳದ ಜಾಣತನವೆಲ್ಲ ಇದೆ. ನಾಲ್ಕು ಸಾವಿರ ವರ್ಷಗಳಾದರೂ ಅದನ್ನು ತಿದ್ದುವ ಅಗತ್ಯ ಯಾರಿಗೂ ಬಂದಿಲ್ಲ. ಬದಲಾದದ್ದು ಲೋಹ ಮತ್ತು ಮಾಡುವ ಕೈ ಮಾತ್ರ. ನಾರ್ವೆ ದೇಶದ ಮುಸ್ತಾದ್ ಎಂಬ ಕಂಪನಿ 1877ರಲ್ಲಿ ಯಂತ್ರದಿಂದ ಗಾಳ ಮಾಡಲು ತೊಡಗಿತು. ಅಲ್ಲಿಂದ ಮುಂದೆ ಊರ ಕಮ್ಮಾರ ಬಡಿದು ಕೊಡುತ್ತಿದ್ದ ಗಾಳದ ಜಾಗಕ್ಕೆ ಕಾಗದದ ಪೊಟ್ಟಣದ ಗಾಳ ಲೋಕದ ತುಂಬ ಬಂತು.

ಇನ್ನು ದಾರ. ಹನ್ನೆರಡನೇ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯನ ಹೆಸರು ನಿಮಗೆಲ್ಲ ಗೊತ್ತು. ಹುಲ್ಲು ಕೊಯ್ದು ಹಗ್ಗ ಹೊಸೆದು, ಅದನ್ನು ಮಾರಿ ಬಂದದ್ದರಲ್ಲಿ ಜಂಗಮ ದಾಸೋಹ ಮಾಡಿದವರು. ನಾರನ್ನು ಹೊಸೆದು ಹುರಿ ಮಾಡುವುದೆಂದರೆ ನಮ್ಮ ನಾಡಿನ ಬಹಳ ಹಳೆಯ ವಿದ್ಯೆ. ನೈಲಾನ್ ಬರುವ ಮೊದಲು ಬಲೆಗೂ ಗಾಳಕ್ಕೂ ಸೆಣಬು, ಹತ್ತಿಗಳ ದಾರವೇ ಗತಿ. ನೀರಲ್ಲಿ ನೆನೆದರೆ ಬೇಗ ಕೊಳೆಯುತ್ತದೆ, ಆದ್ದರಿಂದ ದಿನವೂ ಒಣಗಿಸಬೇಕು, ಆಗಾಗ ಮರದ ತೊಗಟೆಯ ಕಷಾಯದಲ್ಲಿ ಅದ್ದಬೇಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಹುಟ್ಟಿದ ನೈಲಾನ್ ಈ ಶ್ರಮವನ್ನು ತಪ್ಪಿಸಿತು. ನನ್ನ ಡಬ್ಬಿಯ ದಾರವೂ ನೈಲಾನೇ. ಆದರೆ ಚಮಚದ ಹತ್ತಿರ ಒಂದು ಗೇಣಿನಷ್ಟು ದಾರದ ಬದಲು ಸಣ್ಣ ತಂತಿ ಹಾಕಿತ್ತು. ಯಾಕೆಂದು ಆಗ ತಿಳಿಯಲಿಲ್ಲ.

ಚಮಚ! ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಹೆಂಗಸರ ಅಡುಗೆಮನೆಯ ಸಾಮಾನು ಗಂಡಸರ ಗಾಳಕ್ಕೆ ಹೋದದ್ದು ಹೇಗೆ? ಹುಡುಕಿದಾಗ ಇದಕ್ಕೂ ಒಂದು ಕಥೆ ಸಿಕ್ಕಿತು. ಜೂಲಿಯೊ ಬ್ಯುಯೆಲ್ ಎಂಬ ಅಮೆರಿಕದ ಮನುಷ್ಯ ದೋಣಿಯಲ್ಲಿ ಕೂತು ಊಟ ಮಾಡುತ್ತಿದ್ದಾಗ ಕೈ ಜಾರಿ ಚಮಚ ಸರೋವರಕ್ಕೆ ಬಿತ್ತಂತೆ. ಅದು ಹೊಳೆಯುತ್ತಾ ಓಲಾಡುತ್ತಾ ಮುಳುಗುವಾಗ ದೊಡ್ಡ ಮೀನೊಂದು ಬಂದು ಬಾಯಿ ಹಾಕಿತಂತೆ. ಅವನು ಮನೆಗೆ ಹೋಗಿ ಇನ್ನೊಂದು ಚಮಚದ ಹಿಡಿಕೆ ಕತ್ತರಿಸಿ ಗಾಳ ಕಟ್ಟಿದ. ಕಥೆಯಲ್ಲಿ ಉಪ್ಪುಖಾರ ಸೇರಿರಬಹುದು. ಆದರೆ 1852ರಲ್ಲಿ ಅವನು ಚಮಚದ ಗಾಳಕ್ಕೆ ಹಕ್ಕುಪತ್ರ ಪಡೆದದ್ದು ನಿಜ. ಸಣ್ಣ ಮೀನನ್ನು ಬೆನ್ನಟ್ಟಿ ತಿನ್ನುವ ದೊಡ್ಡ ಮೀನಿಗೆ ನೀರಿನಲ್ಲಿ ಓಲಾಡುವ ಚಮಚ ಗಾಯಗೊಂಡ ಮರಿಮೀನಿನಂತೆ ಕಾಣುತ್ತದೆ. ದೋಣಿ ಹೋಗುತ್ತಿರಬೇಕು, ಅದರ ಹಿಂದೆ ಚಮಚ ಎಳೆದುಕೊಂಡು ಬರುತ್ತಿರಬೇಕು. ನಿಂತ ನೀರಿನಲ್ಲಿ ನಿಂತ ಚಮಚ ಬರೀ ಚಮಚ. ಎಳೆದಾಗ ಮಾತ್ರ ಅದು ಮೀನು. "ಅದು ಚಮಚ ಅಲ್ರೀ ಟೀಚರ್" ಎಂದ ಹನ್ನೊಂದು ವರ್ಷದ ಹುಡುಗ ಹೇಳಿದ್ದು ಇದನ್ನೇ. ನಾನು ನಕ್ಕಿದ್ದೆ.

ಹೀಗೆ ಹೋಗುವ ದೋಣಿಯ ಹಿಂದೆ ದಾರ ಎಳೆಯುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಮಂಗಳೂರು, ಮಲ್ಪೆ ಕಡೆಯ ಸುದ್ದಿಯಲ್ಲಿ ನಾವು ಓದುವ ಟ್ರಾಲಿಂಗ್ ಬೇರೆ. ಅದು ಯಂತ್ರದ ದೋಣಿ ದೊಡ್ಡ ಬಲೆಯಿಂದ ಕಡಲ ತಳವನ್ನೇ ಗುಡಿಸಿಕೊಂಡು ಹೋಗುವ ಕೆಲಸ. ಕನ್ನಡದಲ್ಲಿ ಬರೆದರೆ ಎರಡೂ ಹೆಚ್ಚುಕಡಿಮೆ ಒಂದೇ ಪದ. ಅರ್ಥಕ್ಕೆ ಮಾತ್ರ ಅಜಗಜಾಂತರ. ಒಂದರಲ್ಲಿ ಒಂದು ದಾರ, ಒಂದು ಗಾಳ, ಒಂದು ಮೀನು. ಇನ್ನೊಂದರಲ್ಲಿ ಸಿಕ್ಕಿದ್ದೆಲ್ಲ ಬಲೆಯೊಳಗೆ. ಮಳೆಗಾಲದಲ್ಲಿ ಮೀನು ಮರಿ ಮಾಡುವ ಹೊತ್ತಿಗೆ ಸರಕಾರ ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳನ್ನು ತಡೆಯುವುದು ಈ ಎರಡನೆಯದರ ಭಯದಿಂದಲೇ.

ನಮ್ಮ ಹೊಳೆಯ ದೋಣಿ ಎಂದರೆ ಹರಿಗೋಲು. ದುಂಡನೆಯ ಬಿದಿರಿನ ಬುಟ್ಟಿ, ಅದಕ್ಕೆ ಹೊರಗಿನಿಂದ ಹೊದಿಕೆ. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು, ಹಿಂದೆ ಚರ್ಮ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಗೆ ದಾಟುವಾಗ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿದೆ, ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ನೇರವಾಗಿ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದು ಅವನ ಮಾತಿನ ಸಾರ. ಅವನಿಗೂ ಎರಡು ಸಾವಿರ ವರ್ಷ ಮೊದಲು ಗ್ರೀಸಿನ ಹೆರೊಡೋಟಸ್ ಬ್ಯಾಬಿಲೋನಿನ ನದಿಯಲ್ಲಿ ಇಂಥದೇ ದುಂಡು ಚರ್ಮದ ದೋಣಿಗಳನ್ನು ಕುರಿತು ಬರೆದಿದ್ದಾನೆ. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಈ ಮೂವರನ್ನೂ ಒಟ್ಟಿಗೆ ಕೂರಿಸಿದರೆ ಒಂದು ಹರಿಗೋಲು, ಒಂದು ದಾರ, ಒಬ್ಬ ಅಂಬಿಗ ಸಿದ್ಧ ಎಂದು ನನಗೆ ಆ ರಾತ್ರಿ ಅನ್ನಿಸಿ ನಗು ಬಂತು.

ಆ ಮೂವರಿಗಿಂತ ಸ್ವಲ್ಪ ಮೊದಲು ಅದೇ ಕಲ್ಯಾಣದ ಸಿಂಹಾಸನದಲ್ಲಿ ಕೂತಿದ್ದ ಒಬ್ಬ ದೊರೆ ಗಾಳ ಹಾಕುವ ವಿದ್ಯೆಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂದು ಬಿರುದಾಂಕಿತನಾದ ಮೂರನೆಯ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ. ಸಂಸ್ಕೃತದಲ್ಲಿ ಅವನು ಬರೆದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರೂ ಉಂಟು. ರಾಜನೀತಿ, ವೈದ್ಯ, ಸಂಗೀತ, ಆನೆ, ಕುದುರೆ, ಒಡವೆ, ಅಡುಗೆ ಎಲ್ಲವೂ ಅದರಲ್ಲಿದೆ. ನಮ್ಮ ಇಡ್ಲಿ ದೋಸೆಗಳ ಹಿರಿಯಜ್ಜಿಯರಾದ ಇಡ್ಡರಿಕಾ, ಧೋಸಕಗಳೂ ಅದರಲ್ಲಿವೆ. ಪಾಠ ಮಾಡುವಾಗ ನಾನು ಇಡ್ಲಿಯ ಮಾತು ಹೇಳಿ ಮಕ್ಕಳನ್ನು ನಗಿಸುತ್ತಿದ್ದೆನೇ ಹೊರತು ಅದೇ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆಯೆಂದು ನನಗೆ ಗೊತ್ತಿರಲಿಲ್ಲ. ಡಬ್ಬಿ ಸಿಕ್ಕ ಮೇಲೆ ಹುಡುಕಿ ಓದಿದೆ.

ಸೋಮೇಶ್ವರ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ರುಚಿ, ಅದನ್ನು ಉಂಡೆ ಕಟ್ಟಿ ನೀರಿಗೆ ಹಾಕಿ ಮೀನನ್ನು ಒಂದೆಡೆ ಹೇಗೆ ಸೇರಿಸಬೇಕು, ನಾರಿನಿಂದ ದಾರ ಹೇಗೆ ಮಾಡಬೇಕು, ಕೋಲು ಹೇಗಿರಬೇಕು, ಗಾಳ ಹೇಗಿರಬೇಕು, ಮೀನು ಕಚ್ಚಿದ್ದು ಹೇಗೆ ತಿಳಿಯಬೇಕು, ಎಲ್ಲವನ್ನೂ ಹೇಳುತ್ತಾನೆ. ಭಾರತದ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಕುರಿತು ವಿಸ್ತಾರವಾಗಿ ಬರೆದು ವಿದ್ವಾಂಸರ ಕಣ್ಣಿಗೆ ತಂದರು. ಅವರು ಮೆಚ್ಚಿದ್ದು ಕವಿತ್ವವನ್ನಲ್ಲ, ತಿಳಿವಳಿಕೆಯನ್ನು.

ಓದುತ್ತಾ ನನಗೊಂದು ಯೋಚನೆ ಬಂತು. ಈ ತಿಳಿವಳಿಕೆ ದೊರೆಗೆ ಎಲ್ಲಿಂದ ಬಂತು? ಅರಮನೆಯಲ್ಲಿ ಕೂತರೆ ಯಾವ ಮೀನು ಏನು ತಿನ್ನುತ್ತದೆಂದು ತಿಳಿಯುವುದಿಲ್ಲ. ಯಾರೋ ಬೆಸ್ತ, ಯಾರೋ ಅಂಬಿಗ ಹೇಳಿರಬೇಕು. ದಾರವನ್ನು ಯಾರೋ ತೊಡೆಯ ಮೇಲೆ ಹೊಸೆದು ತೋರಿಸಿರಬೇಕು. ದೊರೆಗೆ ವಿನೋದವಾದದ್ದು ಅವರಿಗೆ ಊಟ. ಪುಸ್ತಕದ ಮೇಲೆ ದೊರೆಯ ಹೆಸರು ಉಳಿಯಿತು, ಹೇಳಿಕೊಟ್ಟವರ ಹೆಸರು ಹೊಳೆಯ ಪಾಲಾಯಿತು.

ಹಾಗೆಂದು ಅವರ ನೆನಪು ಎಲ್ಲೂ ಇಲ್ಲವೆಂದಲ್ಲ. ನಮ್ಮ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನ ಇದೆಯಲ್ಲ, 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದದ್ದು, ದೇವಾನಾಂಪ್ರಿಯ ಎಂದಷ್ಟೇ ಅಲ್ಲದೆ ಅಶೋಕನ ಹೆಸರನ್ನೇ ಹೇಳುವ ಅಪರೂಪದ ಶಾಸನ. ವರ್ಷವೂ ಮಕ್ಕಳಿಗೆ ಹೇಳುವಾಗ ನನಗೆ ಹೆಮ್ಮೆ. ಅದೇ ಅಶೋಕ ಉತ್ತರ ಭಾರತದ ತನ್ನ ಐದನೆಯ ಸ್ತಂಭಶಾಸನದಲ್ಲಿ ಯಾವ ಯಾವ ಪ್ರಾಣಿಗಳನ್ನು ಕೊಲ್ಲಬಾರದೆಂದು ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಮೀನುಗಳೂ ಇವೆ. ಕೆಲವು ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಲೂ ಬಾರದು ಎಂದಿದ್ದಾನೆ. ಅಲ್ಲೇ 'ಕೇವಟಭೋಗ' ಎಂಬ ಮಾತು ಬರುತ್ತದೆ. ಕೇವಟನೆಂದರೆ ಬೆಸ್ತ. ಬೆಸ್ತರ ಪಾಲಿನ ನೀರು ಎಂದು ಅರ್ಥ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಆ ನೀರು ಅವರದೆಂದು ಚಕ್ರವರ್ತಿಯೇ ಕಲ್ಲಿನಲ್ಲಿ ಒಪ್ಪಿಕೊಂಡಿದ್ದ.

ಇಂಗ್ಲಿಷರ ಕಾಲದಲ್ಲಿ ಗಾಳ ಮತ್ತೆ ದೊರೆಗಳ ವಿನೋದವಾಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳ ಬೇಟೆಯನ್ನು ಕುರಿತು ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅವನ ಮನಸ್ಸೆಲ್ಲ ಮಶೀರ್ ಎಂಬ ದೊಡ್ಡ ಮೀನಿನ ಮೇಲೆ. ಕಾವೇರಿ ಕಡೆ ಅದನ್ನೇ ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಬಿಳಿಮೀನನ್ನು ಹಿಡಿದದ್ದು ಇಂದಿಗೂ ದಾಖಲೆಯ ಮಾತು. ಅದೇ ಕಾವೇರಿಯ ದೊಡ್ಡ ಬಿಳಿಮೀನು ಈಗ ಅಳಿವಿನ ಅಂಚಿಗೆ ಬಂದು ನಿಂತಿದೆ. ನದಿಗೆ ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು ತಡೆಯಲು 1897ರಲ್ಲೇ ಮೀನುಗಾರಿಕೆ ಕಾಯಿದೆ ಬಂತು. ಗಾಳಕ್ಕೆ ಯಾರೂ ಹೆದರಲಿಲ್ಲ. ಗಾಳ ಒಂದು ಸಲಕ್ಕೆ ಒಂದನ್ನೇ ಕೇಳುತ್ತದೆ.

ನಮ್ಮ ತುಂಗಭದ್ರೆಯ ಕಥೆಯೂ ಇದೇ ಹೊತ್ತಿಗೆ ತಿರುವು ಪಡೆಯಿತು. 1945ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ, 1953ರ ಜುಲೈಯಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಭತ್ತ ಬಂತು, ಅಕ್ಕಿ ಗಿರಣಿ ಬಂದವು, ಸಿರುಗುಪ್ಪದ ಹೆಸರು ಅಕ್ಕಿಯ ಜೊತೆ ಊರೂರಿಗೆ ಹೋಯಿತು. ನಾನು ತಿಂದ ಅನ್ನ ಆ ನೀರಿನದೇ, ಅದನ್ನು ಮರೆಯಲಾರೆ. ಆದರೆ ಹೊಳೆಯ ಮೀನಿಗೆ ಅಡ್ಡಗೋಡೆ ಬಂದಂತಾಯಿತು. ಹರಿವ ನೀರಿನಲ್ಲಿ ಮೇಲಕ್ಕೆ ಈಜಿ ಮರಿ ಮಾಡುತ್ತಿದ್ದ ದೊಡ್ಡ ಗೆಂಡೆ ಜಾತಿಗಳು ಕಡಿಮೆಯಾದವು. ಗಂಗೆಯ ಕಡೆಯ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟರು. ಅವು ಬಲೆಯ ಮೀನು, ಹಿನ್ನೀರಿನ ಮೀನು. ಚಮಚವನ್ನು ಬೆನ್ನಟ್ಟುವ ಬಾಳೆಮೀನಿಗೆ ಆಳದ ಹೊಳೆ ಬೇಕು, ಕಲ್ಲಿನ ಸಂದು ಬೇಕು. ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲಿ ಈಗ ಅಂಥ ಮಡುಗಳು ಎಲ್ಲೋ ಒಂದೊಂದು.

ಇಷ್ಟೆಲ್ಲ ತಿಳಿದ ಮೇಲೆ ಡಬ್ಬಿಯನ್ನು ಕಿಟಕಿಯಲ್ಲಿಟ್ಟುಕೊಂಡು ಕೂರಲು ಮನಸ್ಸಾಗಲಿಲ್ಲ. ಅದು ನನ್ನದಲ್ಲ. ಒಂದು ಸಂಜೆ ಕೇರಿಗೆ ಹೋದೆ. ಇಪ್ಪತ್ತೈದು ವರ್ಷ ಅದೇ ಊರಲ್ಲಿ ಟೀಚರಾಗಿದ್ದೂ ಆ ಓಣಿಗೆ ನಾನು ಹೋಗಿದ್ದು ಜನಗಣತಿಯ ಪಟ್ಟಿ ಹಿಡಿದು ಮಾತ್ರ. ಕೇಳುತ್ತಾ ಹೋದಾಗ ಮನೆ ಸಿಕ್ಕಿತು. ಹುಡುಗನ ತಾಯಿ ಹೊರಗೆ ಕಟ್ಟೆಯ ಮೇಲೆ ಕೂತು ಹಳೆ ಬಲೆ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. 2009ರ ಅಕ್ಟೋಬರಿನ ದೊಡ್ಡ ಪ್ರವಾಹದಲ್ಲಿ ಮನೆಯ ಜೊತೆ ಹರಿಗೋಲೂ ಹೋಗಿತ್ತು. ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ, ಮಳೆಗಾಲಕ್ಕೊಮ್ಮೆ ಬರುತ್ತಾನೆ.

ನಾನು ಯಾರೆಂದು ಹೇಳಿ ಡಬ್ಬಿ ತೆರೆದು ಮುಂದಿಟ್ಟೆ. ಆಕೆ ದಾರವನ್ನಾಗಲಿ ಗಾಳವನ್ನಾಗಲಿ ನೋಡಲಿಲ್ಲ. ಚಮಚವನ್ನು ಎತ್ತಿಕೊಂಡಳು. ತಿರುಗಿಸಿ ಹಿಂಬದಿ ನೋಡಿದಳು, ಸೆರಗಿನಿಂದ ಉಜ್ಜಿದಳು. ಆಮೇಲೆ ಜೋರಾಗಿ ನಗತೊಡಗಿದಳು.

"ಅಯ್ಯ ನಮ್ಮವ್ವ! ಇದು ನನ್ನ ಮದುವಿ ಚಮಚ. ತವರಮನ್ಯಾಗ ಕೊಟ್ಟಿದ್ದು. ಎಲ್ಲಿ ಹೋತು ಅಂತ ನಾನು ನಮ್ಮ ನಾದಿನಿ ಮ್ಯಾಲೆ ಅನುಮಾನ ಮಾಡಿ ಎರಡು ವರ್ಷ ಮಾತು ಬಿಟ್ಟಿದ್ದೆ ನೋಡ್ರಿ ಟೀಚರಮ್ಮ. ನಮ್ಮ ಮನಿ ಗಂಡಸು ಕತ್ತರಿಸಿ ಗಾಳಕ್ಕೆ ಹಾಕ್ಯಾನ!"

ನಾನೂ ನಕ್ಕೆ. ಅಮೆರಿಕದ ಬ್ಯುಯೆಲನ ಹೆಂಡತಿ ಏನೆಂದಿದ್ದಳೋ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಇಲ್ಲಿ ಸಿಕ್ಕಿತು.

ಆಮೇಲೆ ಆಕೆ ದಾರ ಬಿಚ್ಚಿ ಇಪ್ಪತ್ತು ಮಾರು ಅಳೆದು ತೋರಿಸಿದಳು. ಸಂಜೆ ಹೊತ್ತು ಬಿಸಿಲು ಇಳಿದ ಮೇಲೆ ಹರಿಗೋಲು ಬಿಡಬೇಕಂತೆ. ಹೊಳೆಯ ನಡುವೆ ಅಲ್ಲ, ದಡದ ಗುಂಟವೇ ಹೋಗಬೇಕು, ಆಳವೂ ತೆಳುವೂ ಕೂಡುವ ಕಡೆ. ಮರಿಮೀನು ತೆಳುನೀರಿಗೆ ಬರುತ್ತದೆ, ಅದನ್ನು ಹಿಡಿಯಲು ಬಾಳೆಮೀನು ಅಲ್ಲಿಯವರೆಗೆ ಬರುತ್ತದೆ. ಬೇಗ ಹೋದರೆ ಚಮಚ ನೀರಿನ ಮೇಲೆ ಬಂದು ಗಿರಗಿರ ಸುತ್ತುತ್ತದೆ, ಮೀನು ಮೋಸ ಹೋಗುವುದಿಲ್ಲ. ನಿಧಾನವಾದರೆ ಸೀಸ ತಳಕ್ಕಿಳಿದು ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತಿರುಗಣಿ ಇಲ್ಲದಿದ್ದರೆ ದಾರ ಹುರಿಗಟ್ಟಿ ಗಂಟಾಗುತ್ತದೆ. ಬಾಳೆಮೀನಿನ ಬಾಯಿ ತುಂಬ ಹಲ್ಲು, ಅದು ದಾರ ಕಡಿಯದಿರಲೆಂದು ಗೇಣುದ್ದ ತಂತಿ. ದಾರವನ್ನು ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿಕೊಂಡರೆ ಮೀನು ಮುಟ್ಟಿದ್ದು, ಕಲ್ಲು ಮುಟ್ಟಿದ್ದು ಬೇರೆ ಬೇರೆಯಾಗಿ ತಿಳಿಯುತ್ತದೆ.

"ಆದರೆ ಹರಿಗೋಲು ಸುತ್ತುತ್ತದಲ್ಲ, ದಾರ ಅದಕ್ಕೇ ಸುತ್ತಿಕೊಳ್ಳುವುದಿಲ್ಲವೇ?" ಎಂದು ಕೇಳಿದೆ. ಪೇಸ್ ಬರೆದದ್ದು ತಲೆಯಲ್ಲಿತ್ತು.

"ಸುತ್ತಾಕ ಬಿಟ್ರೆ ಸುತ್ತತೈತಿ. ಬಿಡಬಾರ್ದು. ಹುಟ್ಟು ಹಾಕೋರ ಕೈಯಾಗ ಐತಿ ಅದು."

"ಅವರು ದಾರ ಹಿಡಿದಿದ್ದರೆ ಹುಟ್ಟು ಯಾರು ಹಾಕುತ್ತಿದ್ದರು?"

ಆಕೆ ನನ್ನ ಮುಖ ನೋಡಿದಳು. ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ. "ನಾನೇ" ಎಂದಳು.

ಚರಿತ್ರೆ ಓದಿದ್ದೇನೆ, ಪಾಠ ಹೇಳಿದ್ದೇನೆ. ಹೇಳಿಕೊಟ್ಟ ಬೆಸ್ತನ ಹೆಸರು ಉಳಿಯಲಿಲ್ಲವೆಂದು ದೊರೆಯ ಮೇಲೆ ಸಿಟ್ಟು ಮಾಡಿಕೊಂಡವಳು ನಾನು. ಆ ಬೆಸ್ತನ ಹರಿಗೋಲನ್ನು ನೇರ ಇಟ್ಟ ಕೈ ಹೆಂಗಸಿನದಿರಬಹುದೆಂದು ನನಗೂ ಹೊಳೆದಿರಲಿಲ್ಲ.

ಕೊನೆಗೆ, ಕೇಳಲೇಬೇಕಾದದ್ದನ್ನು ಕೇಳಿದೆ. ಗಾಳ ಕಸಿದುಕೊಂಡೆನೆಂದು ಹುಡುಗ ಶಾಲೆ ಬಿಟ್ಟನೇ, ಅವರಪ್ಪನ ಕೆಲಸಕ್ಕೆ ತೊಂದರೆಯಾಯಿತೇ ಎಂದೆ. ಆಕೆ ಬಲೆಯನ್ನು ಮತ್ತೆ ಕೈಗೆತ್ತಿಕೊಂಡು, ಹೊಲಿಗೆಯ ಮೇಲೆ ಕಣ್ಣಿಟ್ಟೇ ಹೇಳಿದಳು. "ಗಾಳಕ್ಕಲ್ಲ ಬಿಡ್ರಿ. ಅವರಪ್ಪ ಮರುದಿನಾನೇ ಇನ್ನೊಂದು ಮಾಡ್ಕೊಂಡ. ಹುಡುಗ ಮನಿಗೆ ಬಂದು ಒಂದು ಮಾತು ಹೇಳ್ದ. ಟೀಚರಮ್ಮ ನನ್ನ ಹತ್ರ ಬಂದಾಗ ಸೆರಗಿಂದ ಮೂಗು ಮುಚ್ಕೊಂತಾರವ್ವ, ದಿನಾಲೂ ಮುಚ್ಕೊಂತಾರ ಅಂದ. ಸ್ನಾನ ಮಾಡ್ಕೊಂಡು ಹೋಗು ಅಂದೆ. ಹೋದ. ಆಮ್ಯಾಲೂ ಮುಚ್ಕೊಂಡ್ರಂತ. ಹೋಗೋದು ಬಿಟ್ಟ."

ನನಗೆ ಅದು ನೆನಪಿಲ್ಲ. ಮಾಡಿಲ್ಲವೆನ್ನಲು ಬಾಯಿ ಬರಲಿಲ್ಲ, ಯಾಕೆಂದರೆ ಮಾಡಿದ್ದಿರಬೇಕು. ನಮ್ಮ ಮನೆಯಲ್ಲಿ ಮೀನಿನ ಅಂಗಡಿಯ ಮುಂದೆ ಹಾಯುವಾಗ ಎಲ್ಲರೂ ಮಾಡುತ್ತಿದ್ದರು. ಅದು ನನ್ನ ಕೈಗೆ ಅಭ್ಯಾಸ, ಮನಸ್ಸಿಗೆ ಗೊತ್ತೂ ಆಗುವುದಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದಾಗಲೂ ಕಾರಣದ ಜಾಗದಲ್ಲಿ 'ಕೊಯ್ಲು' ಎಂದು ಬರೆದಿದ್ದೆ. ಗಾಳದ ಮುಳ್ಳಿನ ವಿಷಯ ಆಗಲೇ ಹೇಳಿದೆನಲ್ಲ. ಒಳಗೆ ಹೋಗಲು ಬಿಡುತ್ತದೆ, ಹೊರಗೆ ಬರಲು ಬಿಡುವುದಿಲ್ಲ.

ತಪ್ಪಾಯಿತು ಎಂದೆ. ಆಕೆ ಸಮಾಧಾನದ ಮಾತೂ ಆಡಲಿಲ್ಲ, ಸಿಟ್ಟೂ ಮಾಡಲಿಲ್ಲ. "ಚಾ ಕುಡೀತೀರೇನು?" ಎಂದು ಕೇಳಿದಳು. ಕುಡಿಯುತ್ತೇನೆ ಎಂದೆ. ಒಳಗೆ ಒಣಮೀನಿನ ವಾಸನೆ ಇತ್ತು. ಚಹಾ ಮುಗಿಯುವವರೆಗೂ ಕೂತೆ. ಕೈ ಎರಡು ಸಲ ಸೆರಗಿನ ಕಡೆಗೆ ಹೋದದ್ದು ನನಗೆ ಗೊತ್ತಾಯಿತು. ಅದನ್ನು ಲೋಟದ ಮೇಲೇ ಇಟ್ಟುಕೊಂಡೆ.

ಹೊರಡುವಾಗ ಆಕೆ ಚಮಚವನ್ನು ತಂತಿಯಿಂದ ಬಿಡಿಸಿಕೊಂಡಳು. "ಇದು ನಂದು, ನಾನಿಟ್ಕೊಂತೀನಿ. ನಾದಿನಿಗೆ ತೋರಿಸಬೇಕು. ದಾರ, ಗಾಳ ನೀವು ಒಯ್ಯಿರಿ. ಕಸ್ಕೊಂಡಿದ್ದು ನೀವೇ ಅಲ್ಲೇನು, ಈಗ ಮಕ್ಕಳಿಗೆ ತೋರಿಸ್ರಿ" ಎಂದಳು.

ಈಗ ನಾನು ಪ್ರತಿ ವರ್ಷ ಸಮಾಜ ಪಾಠದ ಮೊದಲ ವಾರ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ದುಡಿಯುವ ಕೈ ಹಿಡಿಯುವ ಒಂದು ವಸ್ತುವನ್ನು ತರಬೇಕು, ಅದನ್ನು ಯಾರು ಹಿಡಿಯುತ್ತಾರೆ ಎಂದು ಹೇಳಬೇಕು. ಕುಡುಗೋಲು ಬರುತ್ತದೆ, ಕರಣೆ ಬರುತ್ತದೆ, ಕತ್ತರಿ ಬರುತ್ತದೆ. ಬಲೆ ಹೊಲಿಯುವ ಕಡ್ಡಿಯೂ ಬಂದಿದೆ. ಎಲ್ಲಕ್ಕಿಂತ ಮ... ಮೊದಲು ಸೀಮೆಸುಣ್ಣದ ಡಬ್ಬಿ ತೆರೆದು ನನ್ನ ವಸ್ತುವನ್ನು ತೋರಿಸುತ್ತೇನೆ. ಇದು ಯಾರದು ಟೀಚರ್ ಎಂದು ಮಕ್ಕಳು ಕೇಳುತ್ತಾರೆ. ಒಬ್ಬ ಹುಡುಗನದು, ನಾನು ಕಸಿದುಕೊಂಡಿದ್ದೆ ಎಂದು ಹೇಳಿ, ಕಲ್ಯಾಣದ ಸೋಮೇಶ್ವರನ ಪಾಠ ಶುರು ಮಾಡುತ್ತೇನೆ.